ಚೀಟಿ ಕೌಂಟರಿನಲ್ಲಿ ಕೂಗುವ ಹೆಸರು: ಹಾಸನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಹಾಸನದಲ್ಲಿ ಬಸ್ ಸ್ಟ್ಯಾಂಡ್ ಕಡೆ ಸಣ್ಣದೊಂದು ಮೆಡಿಕಲ್ ಸ್ಟೋರ್ ಇಟ್ಟುಕೊಂಡವನು. 19 ವರ್ಷ ಆಯಿತು. ನಿಮಗೇ ಬರೆಯುವುದಕ್ಕೆ ಕಾರಣ ಇದೆ. ಜಿಲ್ಲೆಯ ಏಡ್ಸ್ ತಡೆ ಸಮಿತಿಗೆ ಅಧ್ಯಕ್ಷರು ನೀವು. ಮಂಗಳಮುಖಿಯರ ಗುರುತಿನ ಚೀಟಿ ಕೊಡುವವರೂ ನೀವೇ. ಎರಡೂ ಫೈಲು ಬರುವುದು ಒಂದೇ ಮೇಜಿಗೆ. ಆದರೆ ಆ ಎರಡಕ್ಕೂ ಒಂದಕ್ಕೊಂದು ಪರಿಚಯ ಇದ್ದ ಹಾಗೆ ಕಾಣಲ್ಲ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಪ್ರತಿ ಮಂಗಳವಾರ ನಮ್ಮ ಸಾಲಿನ ಅಂಗಡಿಗಳಿಗೆ ಮೂರು ನಾಲ್ಕು ಜನ ಮಂಗಳಮುಖಿಯರು ಬರುತ್ತಾರೆ. ಚಪ್ಪಾಳೆ ಸದ್ದು ಕೇಳಿದ ಕೂಡಲೇ ನಾನು 10 ರೂಪಾಯಿ ನೋಟು ತೆಗೆದು ಗಾಜಿನ ಮೇಲೆ ಇಡುತ್ತಿದ್ದೆ. ಕೈಗೆ ಕೊಡುತ್ತಿರಲಿಲ್ಲ, ಬೆರಳು ತಾಗೀತು ಅಂತ. ಅವರು ಹರಸಿ ವಾಪಸ್ ಕೊಡುವ 1 ರೂಪಾಯಿ ನಾಣ್ಯವನ್ನು ಮಾತ್ರ ಕೈಯೊಡ್ಡಿ ಈಸಿಕೊಂಡು ಗಲ್ಲಾಕ್ಕೆ ಹಾಕಿಕೊಳ್ಳುತ್ತಿದ್ದೆ. ವ್ಯಾಪಾರ ಕುದುರುತ್ತೆ ಅನ್ನುವ ಆಸೆ. ಫಾರ್ಮಸಿ ಓದಿದವನು ನಾನು. ಮುಟ್ಟಿದರೆ ಎಚ್‌ಐವಿ ಬರಲ್ಲ ಅಂತ ಪರೀಕ್ಷೆಯಲ್ಲಿ ಬರೆದು ಪಾಸಾದವನು! ಅವರಲ್ಲಿ ಹಿರಿಯರೊಬ್ಬರನ್ನು ನಾವೆಲ್ಲ ಅಕ್ಕ ಅಂತೀವಿ. ಒಂದು ದಿನ ಆ ಅಕ್ಕ ಕೇಳಿಯೇಬಿಟ್ಟರು: "ನಾಣ್ಯ ಈಸ್ಕೊಳ್ಳೋಕೆ ಬರೋ ಕೈ, ನೋಟು ಕೊಡೋಕೆ ಯಾಕಣ್ಣ ಬರಲ್ಲ?"

ಅವತ್ತಿನಿಂದ ಕೈಗೇ ಕೊಡುತ್ತೇನೆ. ಮಾತೂ ಶುರುವಾಯಿತು.

ಒಂದು ಮಳೆಗಾಲ ಅಕ್ಕನಿಗೆ ಜ್ವರ ಬಿಡಲೇ ಇಲ್ಲ. ಮೂರು ವಾರ ಪ್ಯಾರಾಸಿಟಮಾಲ್ ತಗೊಂಡು ಹೋದರು. ಬಳೆ ಮೊಣಕೈವರೆಗೂ ಜಾರುವಷ್ಟು ಇಳಿದುಹೋಗಿದ್ದರು. ರಕ್ತ ಪರೀಕ್ಷೆ ಮಾಡಿಸಿ ಅಂದೆ. "ನೀವು ಜೊತೇಲಿ ಬಂದ್ರೆ ಬರ್ತೀನಿ" ಅಂದರು. ಅಂಗಡಿಗೆ ಬಾಗಿಲು ಹಾಕಿ ಹೋದೆ. ಯಾವ ಆಸ್ಪತ್ರೆ ಅನ್ನುವುದು ಬೇಡ. ಅವತ್ತು ಅಲ್ಲಿ ಆಗಿದ್ದು ಎಲ್ಲಿ ಬೇಕಾದರೂ ಆಗಬಹುದಿತ್ತು.

ಚೀಟಿ ಮಾಡಿಸುವಾಗ ಆಧಾರ್ ಕೇಳಿದರು. ಕಾರ್ಡಿನಲ್ಲಿದ್ದದ್ದು ಹಳೆಯ ಗಂಡು ಹೆಸರು. ಅರ್ಧ ಗಂಟೆ ಆದಮೇಲೆ ಒಳಗಿನಿಂದ ಅದೇ ಹೆಸರು ಕೂಗಿದರು. ಅಕ್ಕ ಏಳಲಿಲ್ಲ. ಸೆರಗು ಹೊದ್ದುಕೊಂಡು ನೆಲ ನೋಡುತ್ತಾ ಕೂತಿದ್ದರು. ಎರಡನೇ ಸಲ ಕೂಗಿದರು. ಬೆಂಚಿನ ಮೇಲಿದ್ದವರೆಲ್ಲ ಆ ಗಂಡಸು ಯಾರಪ್ಪಾ ಅಂತ ಅತ್ತಿತ್ತ ನೋಡಿದರು. ಮೂರನೇ ಸಲಕ್ಕೆ ಅಕ್ಕ ಎದ್ದು ನಿಂತರು. ಹಿಂದಿನಿಂದ ಯಾರೋ ಕಿಸಕ್ಕಂದರು. ಪಕ್ಕದಲ್ಲಿದ್ದ ಒಬ್ಬ ತಾಯಿ ಮಗುವನ್ನು ಎಳೆದು ತೊಡೆ ಮೇಲೆ ಕೂರಿಸಿಕೊಂಡಳು. ಅಟೆಂಡರ್ ಬೇರೆ ಜೋರಾಗಿ ಕೇಳಿದ: "ಇವ್ರನ್ನ ಯಾವ್ ಸಾಲಿಗೆ ಹಾಕೋದು ಸಾರ್?"

ಅಕ್ಕ ಒಳಗೆ ಹೋಗಲಿಲ್ಲ. ಸೀದಾ ಹೊರಗೆ ಬಂದು ಆಟೋ ಹತ್ತಿದರು. "ಇನ್ನೊಂದ್ಸಲ ನೋಡಣ ಬುಡಣ್ಣ" ಅಂದರು. ಆ ಇನ್ನೊಂದು ಸಲ ಬಂದದ್ದು 14 ತಿಂಗಳಾದ ಮೇಲೆ.

ಪರೀಕ್ಷೆಯಲ್ಲಿ ಏನು ಬಂತು ಅಂತ ಇದನ್ನು ಓದುತ್ತಿರುವವರಿಗೆ ಈಗ ಕುತೂಹಲ ಇರುತ್ತೆ, ಅಲ್ವಾ? ಹೇಳಲ್ಲ. ಅದು ಅವರ ಸ್ವಂತ ವಿಷಯ. 2017ರ ಎಚ್‌ಐವಿ ಕಾಯ್ದೆ ಹೇಳುವುದೂ ಅದನ್ನೇ: ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ.

ಸಾರ್, ಔಷಧಿ ಮಾರುವವನಾಗಿ ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಮದ್ದು ಇಲ್ಲದ ಕಾಲ ಅಲ್ಲ ಇದು. ಎಚ್‌ಐವಿ ವೈರಸ್ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು. ಬಿಡದೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಗೇ ಸಿಗದಷ್ಟು ಕಮ್ಮಿ ಆದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದೇ ಇಲ್ಲ. ಎಚ್‌ಐವಿ ಇಲ್ಲದವರಿಗೆ, ಬಾರದಿರಲಿ ಅಂತ ಮುಂಚೆಯೇ ತಗೊಳ್ಳುವ ಪ್ರೆಪ್ ಮಾತ್ರೆ ಇದೆ. ಕಾಂಡೋಮ್ ಹರಿದುಹೋಯಿತು, ಯಾರೋ ಬಲವಂತ ಮಾಡಿದರು ಅಂದರೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗುವ ಮಾತ್ರೆಯೂ ಇದೆ. ಇಷ್ಟೆಲ್ಲ ಇದ್ದೂ, ಇದರಲ್ಲಿ ಯಾವುದು ಬೇಕಾದರೂ ಮೊದಲು ಆ ಬೆಂಚಿನ ಮೇಲೆ ಕೂರಬೇಕು. ಆ ಹೆಸರು ಕೂಗಿಸಿಕೊಳ್ಳಬೇಕು. 72 ಗಂಟೆಯಲ್ಲಿ ಎಷ್ಟು ಗಂಟೆ ಧೈರ್ಯ ತಂದುಕೊಳ್ಳುವುದಕ್ಕೇ ಹೋಗುತ್ತೆ, ನೀವೇ ಲೆಕ್ಕ ಹಾಕಿ.

ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು 1000ಕ್ಕೆ ಸುಮಾರು 2 ಜನ. ಮಂಗಳಮುಖಿಯರಲ್ಲಿ 1000ಕ್ಕೆ 30ಕ್ಕೂ ಜಾಸ್ತಿ. ಇದನ್ನು ಕೇಳಿದವರು ತಕ್ಷಣ "ಅವರ ಕಸುಬೇ ಅಂಥದ್ದು" ಅಂತಾರೆ. ಕಸುಬಿಗೆ ತಳ್ಳಿದ್ದು ಯಾರು ಅಂತ ಯಾರೂ ಕೇಳಲ್ಲ. ಹದಿನೈದು ಹದಿನಾರಕ್ಕೆ ಮನೆಯಿಂದ ಹೊರಗೆ. ಕೆಲಸ ಕೊಡುವವರಿಲ್ಲ. ಬಾಡಿಗೆ ಮನೆ ಕೇಳಿದರೆ ಎರಡರಷ್ಟು ಅಡ್ವಾನ್ಸ್. ಸಂಜೆಯವರೆಗೂ ಅಂಗಡಿ ಅಂಗಡಿ ಸುತ್ತಬೇಕು, ಸಾಲದಿದ್ದರೆ ರಾತ್ರಿ ಹೈವೇಗೆ ಹೋಗಬೇಕು. ಕತ್ತಲಲ್ಲಿ, ಅವಸರದಲ್ಲಿ, ಕುಡಿದವನ ಹತ್ತಿರ ಕಾಂಡೋಮ್ ಹಾಕ್ಕೋ ಅಂತ ಹಟ ಮಾಡುವುದು ಸುಮ್ನೆ ಮಾತಲ್ಲ.

ನನ್ನ ಕೌಂಟರಿನಲ್ಲಿ ನೋಡಿದ್ದು ಒಂದು ಹೇಳುತ್ತೇನೆ. ಅವರು ಕಾಂಡೋಮಿನ 10ರ ಪ್ಯಾಕ್ ತಗೊಳ್ಳುವುದೇ ಇಲ್ಲ. 3ರದ್ದೇ ಕೇಳುತ್ತಾರೆ, ಅದೂ ಪೊಟ್ಟಣ ಹರಿದು ಅಲ್ಲೇ ಬಿಸಾಕಿ, ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ಹೋಗುತ್ತಾರೆ. ದೊಡ್ಡ ಪ್ಯಾಕ್ ತಗೊಂಡರೆ ದುಡ್ಡು ಉಳಿಯುತ್ತಲ್ಲ ಅಂತ ಕೇಳಿದೆ. ರಾತ್ರಿ ಯಾರಾದರೂ ತಡೆದು ಬ್ಯಾಗು ತೆಗೆಸಿದರೆ ಪೂರ್ತಿ ಪ್ಯಾಕು ಮೈಮೇಲೆ ಬರುತ್ತಂತೆ. ಒಂದು ಇಲಾಖೆ ಕಾಂಡೋಮ್ ಹಂಚುತ್ತೆ, ಇನ್ನೊಂದಕ್ಕೆ ಹೆದರಿ ಅದನ್ನು ಬಚ್ಚಿಡಬೇಕು. ಪೊಲೀಸ್ ವರಿಷ್ಠಾಧಿಕಾರಿಗಳ ಜೊತೆ ಕೂತು ಈ ಭಯ ಒಂದನ್ನು ತೆಗೆಸಿ.

ಮೈ ಹೆಣ್ಣಿನ ಹಾಗೆ ಆಗಲಿ ಅಂತ ಅವರು ತಗೊಳ್ಳುವ ಹಾರ್ಮೋನಿನದ್ದು ಇನ್ನೊಂದು ಗೋಳು. ಡಾಕ್ಟರ್ ಚೀಟಿ ಇಲ್ಲದೆ ನಾನು ಕೊಡಲ್ಲ. ಬರೆದುಕೊಡುವ ಡಾಕ್ಟರ್ ಅವರಿಗೆ ಇಲ್ಲಿ ಸಿಗಲ್ಲ. ಯಾರ ಕೈಯಲ್ಲೋ ಬೆಂಗಳೂರಿನಿಂದ ತರಿಸಿಕೊಂಡು ಅವರವರೇ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಾರೆ. ಸೂಜಿ ಹಂಚಿಕೊಂಡರೆ ಏನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಪ್ರೆಪ್ ತಗೊಂಡರೆ ಹಾರ್ಮೋನ್ ಕೆಲಸ ಕೆಡುತ್ತೆ ಅನ್ನುವ ಹೆದರಿಕೆಯೂ ಅವರಲ್ಲಿದೆ. ಹಾಗೇನೂ ಇಲ್ಲ. ಆದರೆ ಅದನ್ನು ನಗದೆ, ಗದರದೆ ಎದುರಿಗೆ ಕೂರಿಸಿಕೊಂಡು ಹೇಳುವವರು ಬೇಕು.

ಹಾಗಾದರೆ ಏನು ಮಾಡಬೇಕು? ಮಂಗಳಮುಖಿಯರ ಹಕ್ಕುಗಳ 2019ರ ಕಾಯ್ದೆಯಲ್ಲಿ ಇವರಿಗಾಗಿ ಬೇರೆಯೇ ಎಚ್‌ಐವಿ ಕೇಂದ್ರಗಳ ಮಾತಿದೆ. ನನಗೆ ಅದು ಅಷ್ಟಾಗಿ ಒಪ್ಪಿಗೆ ಆಗಲ್ಲ. ಹಾಸನ ದೊಡ್ಡ ಊರಲ್ಲ. ಎಲ್ಲರಿಗೂ ಎಲ್ಲರೂ ಗೊತ್ತು. ಬೇರೆ ಬಾಗಿಲು ಇಟ್ಟರೆ, ಆ ಬಾಗಿಲಿಗೆ ಹೋದವರನ್ನೆಲ್ಲ ಎದುರಿನ ಟೀ ಅಂಗಡಿ ಎಣಿಸುತ್ತೆ. ಎಲ್ಲರ ಸಾಲಲ್ಲೇ ಮರ್ಯಾದೆಯಿಂದ ನಿಲ್ಲುವಂತೆ ಮಾಡಿದರೆ ಸಾಕು. ಹಾಸನಾಂಬೆ ದರ್ಶನದ ಹೊತ್ತಿಗೆ ಲಕ್ಷಗಟ್ಟಲೆ ಜನರ ಸಾಲು ನಿಭಾಯಿಸುವ ಜಿಲ್ಲಾಡಳಿತಕ್ಕೆ ಇದೇನು ಮಹಾ?

ಹೆಸರು ಕೂಗುವುದು ನಿಲ್ಲಿಸಿ, ಟೋಕನ್ ನಂಬರ್ ಕೂಗಲಿ. ಖರ್ಚಿಲ್ಲ. ಚೀಟಿಯಲ್ಲಿ ಈಗಿನ ಹೆಸರಿಗೂ ಒಂದು ಜಾಗ ಇರಲಿ. ತರಬೇತಿ ಅಂದ ತಕ್ಷಣ ಡಾಕ್ಟರುಗಳನ್ನು ಎಸಿ ಹಾಲ್‌ಗೆ ಕರೆಯುತ್ತಾರೆ. ಅಕ್ಕನನ್ನು ವಾಪಸ್ ಕಳಿಸಿದ್ದು ಡಾಕ್ಟರ್ ಅಲ್ಲ, ಡಾಕ್ಟರ ಮುಖವನ್ನೇ ಅವರು ನೋಡಲಿಲ್ಲ. ಚೀಟಿ ಬರೆಯುವವರು, ಅಟೆಂಡರ್, ಸೆಕ್ಯುರಿಟಿ, ಇವರನ್ನು ಕೂರಿಸಿ ಮಾತಾಡಿ. ವಾರಕ್ಕೆ ಒಂದು ದಿನವಾದರೂ ಪರೀಕ್ಷಾ ಕೇಂದ್ರ ಸಂಜೆ ತೆರೆದಿರಲಿ, ಹಗಲು ಪೂರ್ತಿ ಅವರು ಹೊಟ್ಟೆಪಾಡಿಗೆ ಸುತ್ತುತ್ತಿರುತ್ತಾರೆ. ಎಚ್‌ಐವಿ ಕಾಯ್ದೆ ಪ್ರಕಾರ 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆಗಳಲ್ಲಿ ದೂರು ತಗೊಳ್ಳುವ ಅಧಿಕಾರಿ ಇರಬೇಕು. ಅವರು ಯಾರು, ಫೋನ್ ನಂಬರ್ ಏನು, ಕನ್ನಡದಲ್ಲಿ ಗೋಡೆ ಮೇಲೆ ಬರೆಸಿ. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ಕೆಲಸದಲ್ಲಿ ಇವರಿಗೆ ಶೇ 1 ಮೀಸಲಾತಿ ತಂದು ದೇಶಕ್ಕೇ ಮೊದಲಾಯಿತು. ಆ ಕೆಲಸಗಳಲ್ಲಿ ಒಂದಾದರೂ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಇದ್ದರೆ ಎಷ್ಟು ಚೆನ್ನ. ಆ ಕಿಟಕಿಯಲ್ಲಿ ಕೂತವರೇ ಮಂಗಳಮುಖಿ ಆದರೆ, ಯಾವ ಸಾಲಿಗೆ ಹಾಕೋದು ಅಂತ ಕೂಗುವ ಅಟೆಂಡರ್ ಎರಡು ಸಲ ಯೋಚನೆ ಮಾಡುತ್ತಾನೆ.

ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಅವರು ಒಪ್ಪಿದ್ದನ್ನೇ ಇಲ್ಲಿ ಹಾಕಿದ್ದೇನೆ. ಏಡ್ಸ್ ಸಮಿತಿಯ ಮುಂದಿನ ಸಭೆ ಯಾವತ್ತು ಅಂತ ತಿಳಿಸಿದರೆ ಅರ್ಧ ದಿನ ಅಂಗಡಿ ಮುಚ್ಚಿ ಬರುತ್ತೇನೆ. ಅಕ್ಕನೂ ಬರುತ್ತಾರಂತೆ. ಒಂದೇ ಷರತ್ತು. ಬಾಗಿಲಲ್ಲಿ ಪುಸ್ತಕಕ್ಕೆ ಹೆಸರು ಬರೆದುಕೊಳ್ಳುವವರು ಆಧಾರ್ ಕೇಳಬಾರದು, ಅವರನ್ನೇ ಕೇಳಬೇಕು.

ಇಂತಿ,
ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿನವ
ಹಾಸನ