ಬೀಗ ಹಾಕಿದ ಮನೆಯ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ಸಮೀಕ್ಷೆಯ ಸುದ್ದಿ ಬಂದಾಗಲೆಲ್ಲ ‘ಇಷ್ಟು ಸಾವಿರ ಜನರನ್ನು ಮಾತನಾಡಿಸಲಾಗಿದೆ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅವರನ್ನು ಹೇಗೆ ಆರಿಸಿದರು, ಎಷ್ಟು ಜನ ಸಿಗಲೇ ಇಲ್ಲ ಅನ್ನುವುದು ಇರುವುದಿಲ್ಲ. ಮನೆಮನೆ ಸಮೀಕ್ಷೆಯ ಮೇಲ್ವಿಚಾರಕಿಯಾದ ನಾನು ಮೊದಲು ಹುಡುಕುವುದೇ ಇವೆರಡನ್ನು.

ನಮ್ಮ ಕೈಗೆ ಬರುವ ಪಟ್ಟಿಯಲ್ಲಿ ಮನೆಗಳನ್ನು ಲಾಟರಿ ಎತ್ತಿದ ಹಾಗೆ ಮೊದಲೇ ಆರಿಸಿರುತ್ತಾರೆ. ಮನೆಯೊಳಗೆ ಯಾರನ್ನು ಕೇಳಬೇಕು ಅನ್ನುವುದಕ್ಕೂ ನಿಯಮ ಉಂಟು. ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ 1949ರಲ್ಲಿ ಇದಕ್ಕೊಂದು ಕೋಷ್ಟಕ ಕೊಟ್ಟರು. ಮನೆಯ ವಯಸ್ಕರನ್ನೆಲ್ಲ ಕ್ರಮವಾಗಿ ಬರೆದುಕೊಂಡು, ಕೋಷ್ಟಕ ತೋರಿಸಿದವರನ್ನೇ ಮಾತನಾಡಿಸಬೇಕು. ಆ ಹೆಸರು ರಾತ್ರಿ ಪಾಳಿ ಮುಗಿಸಿ ಮಲಗಿದ ಮಗನದ್ದಾಗಿರಬಹುದು. ಬಾಗಿಲು ತೆಗೆದ ಅಪ್ಪ ‘ನನ್ನನ್ನೇ ಕೇಳಿ, ಎಲ್ಲ ಗೊತ್ತು’ ಅನ್ನುತ್ತಾರೆ. ಅಲ್ಲಿ ಒಪ್ಪಿಕೊಂಡರೆ ಲಾಟರಿ ಎತ್ತಿದ್ದೇ ದಂಡ.

ಬೀಗ ಹಾಕಿದ್ದರೆ ಸಂಜೆಯೋ ರಜೆಯ ದಿನವೋ ಮತ್ತೆ ಹೋಗಬೇಕು. ಹೊತ್ತಾಯಿತು ಅಂತ ಪಕ್ಕದ ಮನೆಯವರನ್ನು ಕೇಳಿ ಫಾರ್ಮ್ ತುಂಬಿಸಿದರೆ ಏನಾಗುತ್ತದೆ ನೋಡಿ. ಹಗಲು ಮನೆಯಲ್ಲೇ ಇರುವ ವಯಸ್ಸಾದವರು, ಪುಟ್ಟ ಮಕ್ಕಳ ತಾಯಂದಿರು ಜಾಸ್ತಿಯಾಗುತ್ತಾರೆ. ದುಡಿಯಲು ಹೋದವರು, ಒಂಟಿಯಾಗಿ ಇರುವವರು ಬಿಟ್ಟುಹೋಗುತ್ತಾರೆ. ಕೆಲಸ, ಸಂಬಳದ ಬಗ್ಗೆ ಕೇಳುವ ಸಮೀಕ್ಷೆಯಲ್ಲಿ ಇವರೇ ಇಲ್ಲದಿದ್ದರೆ ಹೇಗೆ? ಫಾರ್ಮ್‌ಗಳೆಲ್ಲ ಭರ್ತಿಯಾಗಿರುವುದರಿಂದ ಕಚೇರಿಯಲ್ಲಿ ಕೂತವರಿಗೆ ಕೊರತೆ ಕಾಣುವುದೇ ಇಲ್ಲ. ನನಗೆ ತುಂಬಾ ಬೇಜಾರಾಗುವುದು ಇದಕ್ಕೇ.

ಜನ ಜಾಸ್ತಿಯಾದರೆ ಎಲ್ಲ ಸರಿಹೋಗುತ್ತದೆ ಅನ್ನುವವರು 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯನ್ನು ನೆನೆಯಲಿ. ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಮಂದಿಗೆ ಅಂಚೆಯಲ್ಲಿ ಮತಪತ್ರ ಕಳಿಸಿತು. ವಿಳಾಸಗಳಲ್ಲಿ ಹೆಚ್ಚಿನವು ಫೋನು, ಕಾರು ಇದ್ದವರದ್ದು, ಅಂದರೆ ಆಗಿನ ಅನುಕೂಲಸ್ಥರದ್ದು. 20 ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದರು. ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು ಪತ್ರಿಕೆ. ಆದರೆ ಎದುರಾಳಿ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಲಾಟರಿಯಂತೆ ಆರಿಸಿದ 1,000 ಜನ ಸಿಕ್ಕರೆ ಸಾಮಾನ್ಯವಾಗಿ ಶೇ 3ರಷ್ಟು ಹೆಚ್ಚುಕಡಿಮೆಯೊಳಗೆ ಅಂದಾಜು ಸಿಗುತ್ತದೆ. ಅದನ್ನು ಅರ್ಧಕ್ಕಿಳಿಸಲು 4,000 ಜನ ಬೇಕು. ಆದರೆ ಸಿಗದೇ ಹೋದವರಿಂದ ಆಗುವ ತಪ್ಪು ಈ ಶೇ 3ರಲ್ಲಿ ಸೇರಿಲ್ಲ. ಅದನ್ನು ಯಾರೂ ಹೇಳುವುದಿಲ್ಲ.

ಹಾಗಾಗಿ ಒಂದು ಕೋರಿಕೆ. ಪ್ರತಿ ಸಮೀಕ್ಷೆಯ ಸುದ್ದಿಯ ಕೆಳಗೆ ಸುಮ್ನೆ ಮೂರು ಸಾಲು ಹಾಕಿ: ಯಾವ ಪಟ್ಟಿಯಿಂದ ಹೇಗೆ ಆರಿಸಿದರು, ಆರಿಸಿದವರಲ್ಲಿ ಎಷ್ಟು ಜನ ಉತ್ತರ ಕೊಟ್ಟರು, ಸಿಗದವರ ಬದಲಿಗೆ ಬೇರೆಯವರನ್ನು ಕೇಳಿದರಾ. ಸಮೀಕ್ಷೆ ಮಾಡಿಸಿದವರು ಕೊಡದಿದ್ದರೆ, ‘ಕೇಳಿದೆವು, ಕೊಡಲಿಲ್ಲ’ ಎಂದೇ ಅಚ್ಚು ಹಾಕಿ.

— ಸಮೀಕ್ಷೆಯ ಮೇಲ್ವಿಚಾರಕಿ