ಹೃದಯದ ವಿದ್ಯುತ್ ಹಾದಿ ಕೆಡಿಸುವ ಚಾಗಸ್

ಮಾನ್ಯ ಸಂಪಾದಕರೇ,

ಹೃದ್ರೋಗವೆಂದರೆ ರಕ್ತನಾಳದ ತಡೆಯನ್ನಷ್ಟೇ ನೆನೆಯುವ ನಮ್ಮ ಆರೋಗ್ಯ ಬರಹಗಳು ಲ್ಯಾಟಿನ್ ಅಮೆರಿಕದ ಚಾಗಸ್ ಕಾಯಿಲೆಯತ್ತಲೂ ನೋಡಬೇಕು. 1909ರಲ್ಲಿ ಬ್ರೆಜಿಲ್‌ನ ಕಾರ್ಲೋಸ್ ಚಾಗಸ್ ಗುರುತಿಸಿದ ಈ ಸೋಂಕು ಮುಖ್ಯವಾಗಿ, ಮಣ್ಣುಗೋಡೆಯ ಬಿರುಕಿನಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುವ ತಿಗಣೆಯಂಥ ಕೀಟದ ಮಲದಿಂದ ಹರಡುತ್ತದೆ. ಹತ್ತಾರು ವರ್ಷ ಸದ್ದಿಲ್ಲದೆ ಉಳಿಯುವ ಪರಾವಲಂಬಿಯೂ ಅದು ಕೆರಳಿಸುವ ಉರಿಯೂತವೂ ಸೇರಿ ಹೃದಯಸ್ನಾಯುವಿನಲ್ಲಿ ಗಾಯದ ಕಲೆಗಳನ್ನು ಮೂಡಿಸಿ, ಬಡಿತದ ವಿದ್ಯುತ್ ಸಂಕೇತ ಸಾಗುವ ತಂತುಗಳನ್ನು ಕೆಡಿಸುತ್ತವೆ. ಇಸಿಜಿಯಲ್ಲಿ ಈ ತಂತುಗಳ ಬಲ ಕವಲಿನಲ್ಲಿ ಸಂಕೇತಕ್ಕಾಗುವ ತಡೆಯು ಎಡ ಕವಲಿನ ಮುಂಭಾಗದ ತಡೆಯೊಂದಿಗೆ ಜೊತೆಯಾಗಿ ಕಾಣುವುದು ಇದರ ಎದ್ದುಕಾಣುವ ಲಕ್ಷಣ. ತಡೆ ಪೂರ್ಣವಾದರೆ ನಾಡಿ ನಿಧಾನಗೊಂಡು ರೋಗಿ ಎಚ್ಚರ ತಪ್ಪಬಹುದು, ಆಗ ಪೇಸ್‌ಮೇಕರ್ ಅನಿವಾರ್ಯ. ಆ ದೇಶಗಳಲ್ಲಿ ದೀರ್ಘಕಾಲ ನೆಲೆಸಿ ಮರಳಿದವರಲ್ಲಿ ಇಂಥ ತಡೆ ಕಂಡರೆ ವೈದ್ಯರು ಚಾಗಸ್ ರಕ್ತಪರೀಕ್ಷೆಯನ್ನೂ ಪರಿಗಣಿಸಲಿ.

ಇತಿ,
ಒಬ್ಬ ಓದುಗ