ಕೋವಿಮದ್ದು ಅಳೆಯುವ ಯಂತ್ರದ ನಾಬ್ ಶೋಕಿಯ ವಸ್ತುವಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಗುರಿಕಾರರು ಒಮ್ಮೆ ಹೊಡೆದ ತೋಟೆಗಳ ಹಿತ್ತಾಳೆ ಚಿಪ್ಪುಗಳನ್ನು ಎಸೆಯದೆ, ಅವಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಬಳಸುವ ಹವ್ಯಾಸದ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಪೀಣ್ಯದ ಟೂಲ್‌ರೂಮ್ ಒಂದರಲ್ಲಿ ಬಹುಕಾಲ ದುಡಿದು, ಈಗ ಓಹಾಯೋ ರಾಜ್ಯದಲ್ಲಿ ನೆಲೆಸಿರುವ ನಾನು ಈ ಹವ್ಯಾಸವನ್ನು ಕೆಲವು ವರ್ಷಗಳಿಂದ ನಡೆಸಿಕೊಂಡು ಬಂದವನು. ಲೇಖಕರು ವಿಷಯವನ್ನು ಬಹುಮಟ್ಟಿಗೆ ಸರಿಯಾಗಿಯೇ ತಿಳಿಸಿದ್ದಾರೆ. ಆದರೆ ಮದ್ದು ಅಳೆಯುವ ಯಂತ್ರಕ್ಕೆ, ಅಳತೆ ಹೊಂದಿಸಲು ಕೈಯಲ್ಲಿ ತಿರುಗಿಸುವ ಅಗ್ಗದ ನಾಬ್ ಸಿಕ್ಕಿಸಿಕೊಳ್ಳುವುದನ್ನು ಅವರು ಒಂದೇ ವಾಕ್ಯದಲ್ಲಿ ‘ಶೋಕಿ’ ಎಂದು ತಳ್ಳಿಹಾಕಿರುವುದನ್ನು ಒಪ್ಪಲಾಗಲಿಲ್ಲ.

ಈ ಯಂತ್ರ ಮದ್ದನ್ನು ತೂಗುವುದಿಲ್ಲ, ಅಳೆಯುತ್ತದೆ. ಮೇಲಿನ ಡಬ್ಬಿಯಿಂದ ಇಳಿದ ಮದ್ದು ಒಂದು ಕುಳಿಯನ್ನು ತುಂಬುತ್ತದೆ, ಹಿಡಿಕೆ ಎಳೆದಾಗ ಆ ಕುಳಿ ಸರಿದು ಚಿಪ್ಪಿನೊಳಗೆ ಬರಿದಾಗುತ್ತದೆ. ಪಾವಿನಲ್ಲಿ ಅಕ್ಕಿ ಅಳೆದ ನಮ್ಮವರಿಗೆ ಇದರ ಕಷ್ಟಸುಖ ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣಕ್ಕಿಯ ಪಾವು, ದಪ್ಪಕ್ಕಿಯ ಪಾವು, ಕುಲುಕಿ ತುಂಬಿದ ಪಾವು, ಸುಮ್ಮನೆ ಸುರಿದ ಪಾವು ಇವುಗಳ ತೂಕ ಒಂದೇ ಆಗಿರುವುದಿಲ್ಲ. ಮದ್ದಿನಲ್ಲಿಯೂ ಹಾಗೆಯೇ. ಸಣ್ಣ ಗುಂಡಿನಾಕಾರದ ಮದ್ದು ನೀರಿನಂತೆ ಇಳಿಯುತ್ತದೆ. ಕಡ್ಡಿಗಳಾಗಿ ಕತ್ತರಿಸಿದ ಮದ್ದು ಒಂದಕ್ಕೊಂದು ಅಡ್ಡಲಾಗಿ ಕುಳಿಯ ಬಾಯಲ್ಲೇ ಸೇತುವೆ ಕಟ್ಟಿಕೊಂಡು ನಿಲ್ಲುವುದೂ ಉಂಟು. ಆದ್ದರಿಂದ ಮದ್ದು ಬದಲಾದಾಗಲೆಲ್ಲ, ಗುಂಡು ಬದಲಾದಾಗಲೆಲ್ಲ, ಕುಳಿಯನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ತಕ್ಕಡಿಯಲ್ಲಿ ತೂಗಿ ನೋಡಿ ಹೊಂದಿಸಬೇಕಾಗುತ್ತದೆ.

ಹೊಂದಿಸುವ ಬಗೆ ಕಂಪನಿಯಿಂದ ಕಂಪನಿಗೆ ಬೇರೆ. ಲೀ ಕಂಪನಿಯ ಹಳೆಯ ಆಟೊ ಡಿಸ್ಕ್ ಮಾದರಿಯಲ್ಲಿ ಬೇರೆ ಬೇರೆ ಅಳತೆಯ ತೂತುಗಳಿರುವ ಬಿಲ್ಲೆಗಳನ್ನೇ ಬದಲಾಯಿಸುತ್ತಿದ್ದರು; ಎರಡು ತೂತುಗಳ ನಡುವಿನ ಅಳತೆ ಆ ಬಿಲ್ಲೆಗಳಿಂದ ಸಿಗುತ್ತಿರಲಿಲ್ಲ. ಡಿಲ್ಲನ್ ಕಂಪನಿಯ ಯಂತ್ರಗಳಲ್ಲಿ ಜಾರುವ ಪಟ್ಟಿಯೊಳಗಿನ ಕುಳಿಯನ್ನು ಒಂದು ಬೋಲ್ಟ್ ಹಿಗ್ಗಿಸಿ ಕುಗ್ಗಿಸುತ್ತದೆ. ವ್ಯವಸ್ಥೆ ಗಟ್ಟಿಮುಟ್ಟಾದುದೇ ಸರಿ, ಆದರೆ ಬೋಲ್ಟಿನ ತಲೆಯ ಮೇಲೆ ಒಂದು ಗೆರೆಯೂ ಇಲ್ಲದಿದ್ದರೆ ಸ್ಪ್ಯಾನರ್ ಹಿಡಿದು ‘ಕಾಲು ಸುತ್ತು, ಇನ್ನೊಂದು ಚೂರು’ ಎಂದು ಅಂದಾಜಿನಲ್ಲೇ ತಿರುಗಿಸಬೇಕಾಗುತ್ತದೆ. ಹೋದ ತಿಂಗಳು ಹೊಂದಿಸಿದ ಜಾಗಕ್ಕೆ ಮರಳಿ ಹೋಗಲು ಗುರುತೆಂಬುದೇ ಇರುವುದಿಲ್ಲ.

ಅಗ್ಗದ ನಾಬ್ ನೀಗಿಸುವುದು ಈ ಕೊರತೆಯನ್ನೇ. ಇಂಚಿಗೆ 28 ಎಳೆಗಳಿರುವ ತಿರುಪು ಒಂದು ಸುತ್ತಿಗೆ ಸುಮಾರು 0.9 ಮಿಲಿಮೀಟರ್ ಮುಂದೆ ಹೋಗುತ್ತದೆ. ಅದರ ತಲೆಗೆ ಸುತ್ತಲೂ 20 ಗೆರೆಗಳಿರುವ ನಾಬ್ ಕೂರಿಸಿದರೆ ಒಂದೊಂದು ಗೆರೆಯೂ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿಗಿಂತ ತುಸು ಕಡಿಮೆ. ಮೈಕ್ರೊಮೀಟರ್ ಹಿಡಿದು ಗೊತ್ತಿರುವ ಯಾರಿಗೂ ಇದು ಹೊಸ ವಿದ್ಯೆಯಲ್ಲ. ಇಂಥ ನಾಬ್‌ಗೆ ಹತ್ತು ಗ್ರಾಂ ಪ್ಲಾಸ್ಟಿಕ್ ಸಾಕು. ತ್ರೀಡಿ ಪ್ರಿಂಟರಿನ ಪ್ಲಾಸ್ಟಿಕ್ ತಂತಿ ಕಿಲೋಗೆ ಸುಮಾರು 20 ಡಾಲರ್ ಎಂದು ಹಿಡಿದರೆ ಸಾಮಗ್ರಿಯ ಖರ್ಚು ಕಾಲು ಡಾಲರನ್ನೂ ಮುಟ್ಟುವುದಿಲ್ಲ. ಇಷ್ಟನ್ನು ಕಾರ್ಖಾನೆಯವರೇ ಕೂರಿಸಿ ಕೊಡಬಹುದಿತ್ತು ಎಂಬುದು ನನ್ನ ದೂರು.

ಗೆರೆಯ ಅಂಕಿ ತೂಕವನ್ನು ಹೇಳುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ‘ಮೂರು ಸುತ್ತು, ಏಳನೇ ಗೆರೆ’ ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಅದೇ ಮದ್ದಿಗೆ ತಕ್ಕಡಿಯ ಕೆಲಸವನ್ನು ಎಲ್ಲಿಂದ ಶುರುಮಾಡಬೇಕು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ತಿರುಪಿನ ಎಳೆಗಳ ನಡುವೆ ಸಡಿಲು ಇರುವುದರಿಂದ ಗೆರೆಯನ್ನು ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ಮುಟ್ಟಬೇಕು. ಲೇತ್ ನಡೆಸಿದವರು ಇದನ್ನು ಕೇಳಿ ನಕ್ಕಾರು, ಆದರೆ ಇಲ್ಲಿಯ ಹವ್ಯಾಸಿಗಳಲ್ಲಿ ಎಷ್ಟೋ ಮಂದಿ ಲೇತ್ ಮುಟ್ಟಿದವರಲ್ಲ.

ಲೇಖಕರ ಅನುಮಾನದಲ್ಲಿ ಹುರುಳಿರುವ ಜಾಗವೂ ಒಂದಿದೆ. ಸ್ಪ್ಯಾನರ್ ಬೇಡುವ ಬೋಲ್ಟ್ ಬಿಗಿಯಾಗಿ ಕೂತಿರುತ್ತದೆ. ಕೈಯಲ್ಲಿ ತಿರುಗುವ ನಾಬ್ ತಾನಾಗಿಯೂ ತಿರುಗಬಲ್ಲದು. ನಾನು ಮೊದಲು ಕೊಂಡ ನಾಬ್‌ಗೆ ಗೆರೆಗಳಿದ್ದವು, ತಡೆ ಇರಲಿಲ್ಲ. ತೋಟೆ ತುಂಬುವ ಪ್ರೆಸ್ಸಿನ ಹಿಡಿಕೆ ಪ್ರತಿ ಸಲ ಮೇಲೆ ಹೋಗಿ ಬಂದಾಗಲೂ ಅದು ಕೂದಲೆಳೆಯಷ್ಟು ಸರಿಯುತ್ತಿತ್ತೆಂದು ಕಾಣುತ್ತದೆ. ನಡುವೆ ತೂಗಿ ನೋಡುವ ರೂಢಿಯಿದ್ದುದರಿಂದ ಮದ್ದು ಕಡಿಮೆಯಾಗುತ್ತಿರುವುದು ತಿಳಿಯಿತಾದರೂ, ಅಷ್ಟರಲ್ಲಿ ಮಾಡಿಟ್ಟಿದ್ದ ಅರುವತ್ತು ತೋಟೆಗಳನ್ನು ಒಂದೊಂದಾಗಿ ಬಡಿದು ಬಿಚ್ಚುವುದರಲ್ಲಿ ಒಂದು ಸಂಜೆ ಕಳೆಯಿತು. ಮದ್ದು ಕಡಿಮೆಯಾದರೆ ಅಪಾಯವೇನು ಎಂದು ಕೇಳುವವರಿದ್ದಾರೆ. ತೀರಾ ಕಡಿಮೆಯಾದರೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುತ್ತದೆ, ಅದನ್ನು ಗಮನಿಸದೆ ಮತ್ತೊಂದು ಈಡು ಹೊಡೆದರೆ ನಳಿಗೆ ಸೀಳಬಹುದು. ಹೆಚ್ಚಾದರಂತೂ ಒತ್ತಡ ಏರಿ ಕೋವಿಯೇ ಒಡೆಯಬಹುದು.

ಮಲೆನಾಡಿನಲ್ಲಿ ನಾನು ಹುಡುಗನಾಗಿದ್ದಾಗ ಕೇಪಿನ ಕೋವಿಗೆ ಕರಿಮದ್ದನ್ನು ಬಿದಿರಿನ ಗೆಣ್ಣಿನಲ್ಲಿ ಅಳೆದು ಸುರಿಯುವುದನ್ನು ನೋಡಿದ್ದೇನೆ. ಕರಿಮದ್ದು ಅಂಥ ಅಳತೆಯನ್ನು ಒಂದಿಷ್ಟು ಸಹಿಸಿಕೊಳ್ಳುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ರೂಪಿಸಿದ ಹೊಗೆರಹಿತ ಮದ್ದಿನ ವಂಶದ್ದು ಇಂದಿನ ಮದ್ದು; ಅದಕ್ಕೆ ಆ ತಾಳ್ಮೆ ಇಲ್ಲ, ಪಿಸ್ತೂಲಿನ ಪುಟ್ಟ ಚಿಪ್ಪಿನಲ್ಲಂತೂ ಮೊದಲೇ ಇಲ್ಲ.

ಆದ್ದರಿಂದ ನಾಬ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಅದರ ತಡೆಯನ್ನು. ಸ್ಪ್ರಿಂಗಿನ ಮೇಲೆ ಕೂತ ಒಂದು ಸಣ್ಣ ಉಕ್ಕಿನ ಗುಂಡು ಪ್ರತಿ ಗೆರೆಗೂ ‘ಟಿಕ್’ ಎಂದು ತಗ್ಗಿನಲ್ಲಿ ಬೀಳುವಂತಿದ್ದರೆ ನಾಬ್ ಅಲುಗಾಟಕ್ಕೆ ಜಗ್ಗುವುದಿಲ್ಲ, ಕಣ್ಣು ಮಂಜಾದ ನನ್ನಂಥವರು ಸದ್ದನ್ನೇ ಎಣಿಸಿಕೊಳ್ಳಲೂಬಹುದು. ಅದರ ಖರ್ಚೂ ಚಿಲ್ಲರೆ ಕಾಸೇ. ತಡೆಯಿಲ್ಲದ ನಾಬ್ ಅಲ್ಯುಮಿನಿಯಮ್ಮಿನದಾಗಿ ಹೊಳೆಯುತ್ತಿದ್ದರೂ ನಾನು ಕೊಳ್ಳೆನು. ಲೇಖಕರ ‘ಶೋಕಿ’ ಎಂಬ ಮಾತು ಬೇಕಾದರೆ ಅದಕ್ಕೆ ಸಲ್ಲಲಿ.

ಇದನ್ನು ಓದಿ ಊರಿನಲ್ಲಿ ಯಾರೂ ಪ್ರಯೋಗಕ್ಕೆ ಇಳಿಯಬಾರದೆಂದು ಸೇರಿಸುತ್ತೇನೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡಗಿನವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು.

ಕೊನೆಯದಾಗಿ, ಲೇಖನದ ಜೊತೆಗಿನ ಚೌಕಟ್ಟಿನಲ್ಲಿ ಮದ್ದಿನ ತೂಕವನ್ನು ಎಲ್ಲೆಡೆ ‘ಗ್ರಾಂ’ ಎಂದು ಅಚ್ಚು ಹಾಕಲಾಗಿದೆ. ಅದು ‘ಗ್ರೇನ್’ ಆಗಬೇಕು. ಒಂದು ಪೌಂಡಿಗೆ 7,000 ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧಕ್ಕಿಂತ ತುಸು ಹೆಚ್ಚು. ಒಂದು ಗ್ರಾಂನಲ್ಲಿ ಹದಿನೈದಕ್ಕೂ ಹೆಚ್ಚು ಗ್ರೇನ್‌ಗಳಿರುವುದರಿಂದ ಇದು ಕಣ್ತಪ್ಪೆಂದು ಬಿಡುವಂಥ ದೋಷವಲ್ಲ. ಮುಂದಿನ ಭಾನುವಾರದ ಸಂಚಿಕೆಯಲ್ಲೇ, ಚೌಕಟ್ಟು ಬಂದಿದ್ದ ಪುಟದಲ್ಲಿಯೇ, ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಟೂಲ್‌ರೂಮ್ ಕೆಲಸಗಾರ, ಓಹಾಯೋ, ಅಮೆರಿಕ